ಚಿನ್ನದ ಹಾಳೆಯಿಂದ ಹಿಂದಿರುಗಿದ ಕಣಗಳು: ಪರಮಾಣು ರಚನೆಯ ಟಿಪ್ಪಣಿ

"ಹೆಚ್ಚಿನ ಆಲ್ಫಾ ಕಣಗಳು ನೇರವಾಗಿ ಹಾದುಹೋದವು, ಆದ್ದರಿಂದ ಪರಮಾಣುವಿನ ಬಹುಭಾಗ ಖಾಲಿ." ತೆಳು ಚಿನ್ನದ ಹಾಳೆಗೆ ಆಲ್ಫಾ ಕಣಗಳನ್ನು (ವಿಕಿರಣಶೀಲ ಧಾತುಗಳಿಂದ ಹೊಮ್ಮುವ ಧನಾವೇಶದ ಕಣಗಳನ್ನು) ಹಾಯಿಸಿದ ರುದರ್‌ಫೋರ್ಡ್ ಪ್ರಯೋಗದ ಬಗ್ಗೆ ಕೇಳಿದರೆ ನಾವೆಲ್ಲ ಮೊದಲು ಬರೆಯುವ ಸಾಲು ಇದೇ. ಅಂಕವೂ ಬೀಳುತ್ತದೆ. ಆದರೆ ಈ ವಾದದಲ್ಲಿ ಒಂದು ತೂತಿದೆ. ಧನಾವೇಶ ಪರಮಾಣುವಿನ ತುಂಬ ಹರಡಿದೆ ಎನ್ನುವ ಥಾಮ್ಸನ್ ಮಾದರಿಯೇ ಸರಿಯಾಗಿದ್ದರೂ ಆ ಕಣಗಳು ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತಿದ್ದವು! ಹಾಗಾದರೆ ಪರಮಾಣುವಿನ ನಡುವೆ ಪುಟ್ಟ, ಭಾರವಾದ ತಿರುಳು, ಅಂದರೆ ನ್ಯೂಕ್ಲಿಯಸ್ ಇದೆ ಅಂತ ಹೇಳಿದ್ದು ಯಾವುದು? ನಾನು ಈ ಪಾಠವನ್ನು ಬಾಯಿಪಾಠ ಮಾಡಿ ಎರಡು ವರ್ಷವಾದ ಮೇಲೆ ಈ ಪ್ರಶ್ನೆ ಹೊಳೆಯಿತು. ಅದನ್ನೇ ಹಿಡಿದು ಹೊರಡೋಣ.

ಮೊದಲು ಎಲೆಕ್ಟ್ರಾನ್. 1897ರಲ್ಲಿ ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಕ್ಯಾಥೋಡ್ ಕಿರಣಗಳನ್ನು (ಕ್ಯಾಥೋಡ್ ಎಂಬ ಋಣ ವಿದ್ಯುದ್ವಾರದಿಂದ ಹೊಮ್ಮುವ ಕಿರಣಗಳನ್ನು) ವಿದ್ಯುತ್ ಕ್ಷೇತ್ರದಿಂದಲೂ ಕಾಂತಕ್ಷೇತ್ರದಿಂದಲೂ ಬಾಗಿಸಿದರು. ಎಷ್ಟು ಬಾಗಿತು ಎಂಬುದರಿಂದ ಕಣದ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತ ಸಿಕ್ಕಿತು. ಅದು ಹೈಡ್ರೋಜನ್ ಅಯಾನಿನ ಅನುಪಾತಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಕ್ಯಾಥೋಡಿನ ಲೋಹ ಬದಲಿಸಿದರೂ, ಕೊಳವೆಯಲ್ಲಿ ಉಳಿದ ಅನಿಲ ಬದಲಿಸಿದರೂ ಅನುಪಾತ ಬದಲಾಗಲಿಲ್ಲ. ಅಂದರೆ ಈ ಕಣ ಯಾವುದೋ ಒಂದು ಧಾತುವಿನ ಸ್ವತ್ತಲ್ಲ, ಎಲ್ಲ ಪರಮಾಣುಗಳಲ್ಲೂ ಇರುವಂಥದ್ದು. ಉತ್ತರ ಬರೆಯುವಾಗ ಈ ಮಾತನ್ನು ಬಿಡಬೇಡಿ. ಮುಂದೆ ಮಿಲಿಕನ್ ಎಣ್ಣೆ ಹನಿಗಳ ಪ್ರಯೋಗದಿಂದ ಆವೇಶವನ್ನು ಅಳೆದರು. ಅಲ್ಲಿಗೆ ದ್ರವ್ಯರಾಶಿಯೂ ತಿಳಿಯಿತು: ಪ್ರೋಟಾನಿನ, ಅಂದರೆ ಹೈಡ್ರೋಜನ್ ನ್ಯೂಕ್ಲಿಯಸ್ಸಿನ, ಸುಮಾರು 1836ರಲ್ಲಿ ಒಂದು ಪಾಲು.

ಪರಮಾಣು ಒಟ್ಟಾರೆ ತಟಸ್ಥ. ಋಣಾವೇಶದ ಎಲೆಕ್ಟ್ರಾನ್ ಇದ್ದ ಮೇಲೆ ಧನಾವೇಶವೂ ಎಲ್ಲೋ ಇರಲೇಬೇಕು. ಥಾಮ್ಸನ್ ಅದನ್ನು ಇಡೀ ಪರಮಾಣುವಿನ ತುಂಬ ಸಮನಾಗಿ ಹರಡಿದರು, ಎಲೆಕ್ಟ್ರಾನ್‌ಗಳನ್ನು ಅದರೊಳಗೆ ಹುದುಗಿಸಿದರು. ಈಗ ನಗು ಬರಬಹುದು, ಆದರೆ ಆಗ ಗೊತ್ತಿದ್ದ ಸಂಗತಿಗಳಿಗೆ ಅದು ಚೆನ್ನಾಗಿಯೇ ಹೊಂದುತ್ತಿತ್ತು.

1909ರ ಹೊತ್ತಿಗೆ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಮಾರ್ಗದರ್ಶನದಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ತೆಳು ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸುತ್ತಿದ್ದರು. ಕಣ ಬಂದು ಬಡಿದಾಗ ಸತು ಸಲ್ಫೈಡ್ ಪರದೆಯಲ್ಲಿ ಸಣ್ಣ ಮಿಂಚು ಕಾಣುತ್ತದೆ. ಕತ್ತಲ ಕೋಣೆಯಲ್ಲಿ ಕೂತು ಸೂಕ್ಷ್ಮದರ್ಶಕದಲ್ಲಿ ಆ ಮಿಂಚುಗಳನ್ನು ಒಂದೊಂದಾಗಿ ಎಣಿಸುವುದೇ ಕೆಲಸ. ಬಹುಪಾಲು ಕಣಗಳು ಒಂದು ಡಿಗ್ರಿಯ ಆಸುಪಾಸಿನಲ್ಲಿ ವಾಲಿದವು. ಆದರೆ ಭಾರಲೋಹದ ಹಾಳೆಯಲ್ಲಿ ಸುಮಾರು 8000ಕ್ಕೆ ಒಂದು ಕಣ 90 ಡಿಗ್ರಿಗೂ ಹೆಚ್ಚು ತಿರುಗಿ ಬಂದ ದಾರಿಗೇ ಮರಳಿತು.

ಈ ಒಂದು ಕಣವನ್ನು ಥಾಮ್ಸನ್ ಮಾದರಿಗೆ ಏಕೆ ಜೀರ್ಣಿಸಿಕೊಳ್ಳಲಾಗಲಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ರೇಡಿಯಂ ಸರಣಿಯ ವೇಗದ ಆಲ್ಫಾ ಕಣವೊಂದರ ಶಕ್ತಿ 77 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಪುಟ್ಟ ಮಾನ) ಎಂದುಕೊಳ್ಳಿ. ಅದನ್ನು ಹಿಂದಕ್ಕೆ ತಳ್ಳಬೇಕಾದರೆ ವಿಕರ್ಷಣೆಯ ಗುಡ್ಡ (ಧನಾವೇಶಗಳು ಒಂದನ್ನೊಂದು ತಳ್ಳುವುದರಿಂದ ಕಣ ಹತ್ತಬೇಕಾದ ಶಕ್ತಿಯ ಏರು) ಕನಿಷ್ಠ ಅಷ್ಟು ಎತ್ತರವಿರಬೇಕು. ಚಿನ್ನದ 79 ಧನಾವೇಶಗಳನ್ನು ಪರಮಾಣುವಿನ ಪೂರ್ತಿ ಗಾತ್ರಕ್ಕೆ, ಅಂದರೆ ಸುಮಾರು 1.4 × 10⁻¹⁰ ಮೀಟರ್ ತ್ರಿಜ್ಯದ ಗೋಳಕ್ಕೆ ಹರಡಿದರೆ ನಡುಮಧ್ಯದಲ್ಲೂ ಗುಡ್ಡದ ಎತ್ತರ ಬರೀ 2,400 ಎಲೆಕ್ಟ್ರಾನ್ ವೋಲ್ಟ್. ಬೇಕಾದದ್ದರ ಮೂರು ಸಾವಿರದಲ್ಲಿ ಒಂದು ಪಾಲು! ಕಣ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲೆಕ್ಟ್ರಾನ್‌ಗಳೂ ತಡೆಯಲಾರವು, ಆಲ್ಫಾ ಕಣ ಅವಕ್ಕಿಂತ ಸುಮಾರು 7,300 ಪಟ್ಟು ಭಾರ. ಸಣ್ಣ ಸಣ್ಣ ವಾಲಿಕೆಗಳೇ ಒಟ್ಟುಗೂಡಿ 90 ಡಿಗ್ರಿ ಆಗಿರಬಹುದಲ್ಲ ಎಂದರೆ, ಅವು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಆಗುವುದರಿಂದ ಅಷ್ಟಕ್ಕೆ ಮುಟ್ಟುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಈಗ ಅದೇ 79 ಆವೇಶಗಳನ್ನು ಕುಗ್ಗಿಸುತ್ತಾ ಹೋಗಿ. ಗೋಳ ಚಿಕ್ಕದಾದಷ್ಟೂ ಗುಡ್ಡ ಕಡಿದಾಗುತ್ತದೆ. ನೇರವಾಗಿ ಎದುರು ಬಂದ ಕಣ ಕೇಂದ್ರದಿಂದ ಸುಮಾರು 3 × 10⁻¹⁴ ಮೀಟರ್ ದೂರದಲ್ಲಿ ನಿಂತು ವಾಪಸಾಗುತ್ತದೆ. ಧನಾವೇಶವೆಲ್ಲ ಅದಕ್ಕಿಂತ ಚಿಕ್ಕ ಜಾಗದಲ್ಲಿ ಅಡಕವಾಗಿದ್ದರೆ ಮಾತ್ರ ಇದು ಸಾಧ್ಯ. "ಖಾಲಿ ಜಾಗ" ಎಂಬ ತೀರ್ಮಾನವೂ ನಿಜವಾಗಿ ಇಲ್ಲಿಂದಲೇ ಬರುವುದು, ನೇರವಾಗಿ ಹೋದ ಕಣಗಳಿಂದಷ್ಟೇ ಅಲ್ಲ. ಚಿನ್ನದ ನ್ಯೂಕ್ಲಿಯಸ್ಸನ್ನು ಒಂದು ಸೆಂಟಿಮೀಟರಿನ ಮಣಿ ಎಂದುಕೊಂಡರೆ ಪರಮಾಣುವಿನ ಅಡ್ಡಳತೆ ಸುಮಾರು 200 ಮೀಟರ್.

ಒಂದು ಸ್ವಾರಸ್ಯ: 1911ರ ಪ್ರಬಂಧದಲ್ಲಿ ರುದರ್‌ಫೋರ್ಡ್ "ನ್ಯೂಕ್ಲಿಯಸ್" ಎಂಬ ಪದವನ್ನೇ ಬಳಸಿರಲಿಲ್ಲ. ಕೇಂದ್ರದ ಆವೇಶ ಧನವೋ ಋಣವೋ ಎಂಬುದನ್ನೂ ಆ ಲೆಕ್ಕ ತೀರ್ಮಾನಿಸಲಿಲ್ಲ. ಆಕರ್ಷಣೆಯಿದ್ದರೂ ಕಣ ಕೇಂದ್ರವನ್ನು ಸುತ್ತು ಹಾಕಿ ಹಿಂದಿರುಗಬಹುದು, ಚದುರಿಕೆಯ ಸೂತ್ರ ಎರಡಕ್ಕೂ ಒಂದೇ.

ಬೋರ್ ಮಾದರಿಯನ್ನು ಬೇಗ ಮುಗಿಸುತ್ತೇನೆ, ಅದರ ಸೂತ್ರಗಳು ಎಲ್ಲರ ನೋಟ್ಸಿನಲ್ಲೂ ಇವೆ. ನ್ಯೂಕ್ಲಿಯಸ್ಸನ್ನು ಸುತ್ತುವ ಎಲೆಕ್ಟ್ರಾನ್ ಹಳೆಯ ವಿದ್ಯುತ್ಕಾಂತ ನಿಯಮದ ಪ್ರಕಾರ ಬೆಳಕು ಸೂಸುತ್ತಾ ಶಕ್ತಿ ಕಳೆದುಕೊಂಡು, ಹೈಡ್ರೋಜನ್ನಿನಲ್ಲಾದರೆ 10⁻¹¹ ಸೆಕೆಂಡಿನ ಆಸುಪಾಸಿನಲ್ಲೇ ನ್ಯೂಕ್ಲಿಯಸ್‌ಗೆ ಬೀಳಬೇಕು. ಬೀಳುವುದಿಲ್ಲ. 1913ರಲ್ಲಿ ನೀಲ್ಸ್ ಬೋರ್ ಕೆಲವು ಕಕ್ಷೆಗಳಿಗಷ್ಟೇ ಅನುಮತಿ ಎಂದರು. ಮೂರನೆಯದರಿಂದ ಎರಡನೆಯದಕ್ಕೆ ಇಳಿದಾಗ 1.89 ಎಲೆಕ್ಟ್ರಾನ್ ವೋಲ್ಟ್ ಬಿಡುಗಡೆಯಾಗುತ್ತದೆ. ಅದೇ ಹೈಡ್ರೋಜನ್ ರೋಹಿತದ 656 ನ್ಯಾನೊಮೀಟರ್‌ನ ಕೆಂಪು ಗೆರೆ. ಹೆಚ್ಚು ಎಲೆಕ್ಟ್ರಾನ್ ಇರುವ ಪರಮಾಣುಗಳಲ್ಲಿ ಈ ಲೆಕ್ಕ ಕೈಕೊಡುತ್ತದೆ. 1926ರ ನಂತರ ಕಕ್ಷೆಯ ಜಾಗಕ್ಕೆ ಸಂಭವನೀಯತೆಯ ಮೋಡ ಬಂತು.

ಇನ್ನು ನ್ಯೂಕ್ಲಿಯಸ್ಸಿನ ಒಳಗೆ. ಹಗುರ ಪರಮಾಣುಗಳಲ್ಲಿ ವಿಕರ್ಷಣೆಯ ಗುಡ್ಡ ತಗ್ಗು, ಆಲ್ಫಾ ಕಣ ತೀರಾ ಹತ್ತಿರ ಹೋಗಬಲ್ಲದು. ಹೀಗೆ ಸಾರಜನಕಕ್ಕೆ ಬಡಿದಾಗ ಹೈಡ್ರೋಜನ್ ನ್ಯೂಕ್ಲಿಯಸ್ ಹೊರಬರುವುದನ್ನು ರುದರ್‌ಫೋರ್ಡ್ 1919ರಲ್ಲಿ ಪ್ರಕಟಿಸಿದರು. ಅದಕ್ಕೆ ಪ್ರೋಟಾನ್ ಎಂಬ ಹೆಸರು ಬಂತು. ಆದರೆ ಹೀಲಿಯಂ ಆವೇಶ 2, ದ್ರವ್ಯರಾಶಿ 4. ಉಳಿದ ಎರಡು ಪಾಲು ಭಾರ ಎಲ್ಲಿಂದ?

ಬೆರಿಲಿಯಂ ಮೇಲೆ ಆಲ್ಫಾ ಕಣ ಬಿದ್ದಾಗ ಆವೇಶವಿಲ್ಲದ ಒಂದು ವಿಕಿರಣ ಹೊಮ್ಮುತ್ತಿತ್ತು. ಅದು ಪ್ಯಾರಾಫಿನ್ ಮೇಣದಿಂದ ಪ್ರೋಟಾನ್‌ಗಳನ್ನು ಜೋರಾಗಿ ಹೊರಗಟ್ಟುತ್ತದೆ ಎಂದು ಐರೀನ್ ಕ್ಯೂರಿ ಮತ್ತು ಫ್ರೆಡೆರಿಕ್ ಜೋಲಿಯೊ ತೋರಿಸಿದರು, ಅದನ್ನು ಗಾಮಾ ಕಿರಣವೆಂದೇ (ಬೆಳಕಿನಂಥದ್ದೇ, ಆದರೆ ಬಹಳ ಹೆಚ್ಚು ಶಕ್ತಿಯ ಕಿರಣ) ಭಾವಿಸಿದರು. 1932ರಲ್ಲಿ ಜೇಮ್ಸ್ ಚಾಡ್ವಿಕ್ ಲೆಕ್ಕ ಕೇಳಿದರು. ಭಾರವೇ ಇಲ್ಲದ ಗಾಮಾ ಕಿರಣ ಪ್ರೋಟಾನನ್ನು ಅಷ್ಟು ವೇಗದಲ್ಲಿ ಒದೆಯಬೇಕಾದರೆ ಅದಕ್ಕೆ ಸುಮಾರು 5 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಬೆರಿಲಿಯಂ ಕ್ರಿಯೆಯಲ್ಲಿ ಅಷ್ಟು ಹುಟ್ಟುವುದೇ ಇಲ್ಲ. ಬಡಿಯುವ ಕಣದ ತೂಕ ಪ್ರೋಟಾನಿನಷ್ಟೇ ಇದ್ದರೆ? ಸಮತೂಕದ ಎರಡು ಗೋಲಿಗಳು ಎದುರಾಬದುರಾ ಬಡಿದಾಗ ಒಂದು ತನ್ನ ವೇಗವನ್ನೆಲ್ಲ ಇನ್ನೊಂದಕ್ಕೆ ಕೊಟ್ಟು ನಿಲ್ಲುತ್ತದೆ. ಆಗ ಸುಮಾರು 57 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಸಾಕು, ಲೆಕ್ಕ ಕೂಡಿಬಂತು. ಅದೇ ನ್ಯೂಟ್ರಾನ್. ಅದಕ್ಕೆ ಆವೇಶವಿಲ್ಲ. ಹಾಗಾಗಿ ಆಲ್ಫಾ ಕಣವನ್ನು ಹಿಂದಕ್ಕೆ ಅಟ್ಟಿದ ಆ 79ರ ಗುಡ್ಡ ನ್ಯೂಟ್ರಾನಿನ ದಾರಿಯಲ್ಲಿ ಇಲ್ಲವೇ ಇಲ್ಲ. ನಿಧಾನವಾಗಿ ಬಂದರೂ ಅದು ನೇರವಾಗಿ ನ್ಯೂಕ್ಲಿಯಸ್ಸಿನ ಒಳಗೇ ಹೊಕ್ಕುಬಿಡಬಲ್ಲದು.