ಪ್ರಶಸ್ತಿ ಮೇಡಂಗಾ, ಮೇಡಂ ಫೈಲಿಗಾ?

ಪ್ರಶ್ನೆ: ನಮ್ಮ ವಿಭಾಗದಲ್ಲಿ ಒಬ್ಬರು ಮೇಡಂ ಇದ್ದಾರೆ. ಅವರ ಕ್ಲಾಸಿಗೆ ಪಕ್ಕದ ವಿಭಾಗದ ಹುಡುಗರೂ ಬಂದು ಕೂರುತ್ತಾರೆ. ಆದರೆ ಪ್ರಶಸ್ತಿ, ಸನ್ಮಾನ ಎಲ್ಲ ಆಗುವುದು ಕ್ಲಾಸಿಗೇ ಅಪರೂಪಕ್ಕೆ ಬರುವ ಸರ್‌ಗಳಿಗೆ. ಒಳ್ಳೆಯ ಪ್ರೊಫೆಸರ್ ಯಾರು ಅಂತ ಹೇಗೆ ತೀರ್ಮಾನ ಮಾಡುತ್ತಾರೆ? ನಾವು ಸ್ಟೂಡೆಂಟ್ಸ್ ಏನಾದರೂ ಮಾಡಬಹುದಾ?

ಸೆಪ್ಟೆಂಬರ್ 5 ಹತ್ತಿರ ಬಂತು ಅಂದರೆ ಈ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಾಡಬಹುದು. ಆದರೆ ಮೊದಲು ಒಂದು ವಿಷಯ ತಿಳಿದಿರಲಿ. ಆಯ್ಕೆ ಸಮಿತಿ ಮುಂದೆ ಹೋಗಿ ಕೂರುವುದು ನಿಮ್ಮ ಮೇಡಂ ಅಲ್ಲ, ಅವರ ಫೈಲು. ಅವರ ಕ್ಲಾಸಲ್ಲಿ ಒಂದು ದಿನವೂ ಕೂರದ ನಾಲ್ಕೈದು ಜನ ಆ ಫೈಲನ್ನು ತಿರುವಿ ಹಾಕಿ, ಇವರು ಮೇಲಾ ಅವರು ಮೇಲಾ ಅಂತ ಹೇಳಬೇಕು.

ಹೆಚ್ಚು ಕಡಿಮೆ ಎಲ್ಲ ಕಡೆ ನೋಡುವುದು ಮೂರನ್ನೇ: ಸಂಶೋಧನೆ, ಬೋಧನೆ, ಸೇವೆ. ಇದರಲ್ಲಿ ಸಂಶೋಧನೆಯದ್ದು ಸುಲಭ, ಬೆರಳಲ್ಲಿ ಎಣಿಸಬಹುದು. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2018ರ ನಿಯಮಾವಳಿಯನ್ನೇ ತೆಗೆದುಕೊಳ್ಳಿ. ವಿಜ್ಞಾನದವರು ಮಾನ್ಯತೆ ಇರುವ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರೆ 8 ಅಂಕ, ಕಲಾ ವಿಭಾಗದವರಾದರೆ 10. ಒಬ್ಬರಿಗೆ ಪಿಎಚ್‌ಡಿ ಮಾಡಿಸಿದರೆ 10. ಒಂದು ಇಡೀ ಪುಸ್ತಕ ಅನುವಾದ ಮಾಡಿದರೆ 8. ಎರಡು ವರ್ಷ ಒದ್ದಾಡಿ ನಾನೂರು ಪುಟ ಕನ್ನಡಕ್ಕೆ ತಂದವರಿಗೆ ಹತ್ತು ಪುಟದ ಪೇಪರಿಗಿಂತ ಕಡಿಮೆ ಬೆಲೆ! ಈ ಸಾಲು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಇರಲಿ. ನೇರ ನೇಮಕಾತಿಯಲ್ಲಿ ಪ್ರೊಫೆಸರ್ ಆಗಲು ಸಾಮಾನ್ಯವಾಗಿ 10 ಪ್ರಕಟಣೆ, 120 ಅಂಕ ಬೇಕು.

ಅದೇ ನಿಯಮಾವಳಿಯಲ್ಲಿ ಪಾಠಕ್ಕೆ ಏನಿದೆ ಅಂತ ನೋಡಿದರೆ, ಹಂಚಿಕೊಟ್ಟ ಕ್ಲಾಸುಗಳಲ್ಲಿ ಶೇ. 80 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ‘ಉತ್ತಮ’, 70ರಿಂದ 80ರೊಳಗೆ ಇದ್ದರೆ ‘ತೃಪ್ತಿಕರ’, ಇನ್ನೂ ಕಡಿಮೆಯಾದರೆ ತೃಪ್ತಿಕರವಲ್ಲ. ಅಷ್ಟೇ. ಕ್ಲಾಸಿನೊಳಗೆ ಹೋಗಿ ಹಳದಿಯಾದ ಹಳೇ ನೋಟ್ಸ್ ಓದಿ ಬರೆಸಿದರಾ, ಇಲ್ಲ ಕೊನೆ ಬೆಂಚಿನವನ ತಲೆಗೂ ಹೋಗುವ ತನಕ ಬಿಡಲಿಲ್ಲವಾ, ಅದು ಈ ಲೆಕ್ಕಕ್ಕೆ ಸಿಗುವುದಿಲ್ಲ. ಇದು ನೇಮಕಾತಿ ಮತ್ತು ಬಡ್ತಿಯ ಲೆಕ್ಕ, ಪ್ರಶಸ್ತಿಯದ್ದಲ್ಲ, ನಿಜ. ಆದರೆ ಎಲ್ಲರ ಹತ್ತಿರವೂ ಈ ಕಾಗದಗಳು ರೆಡಿ ಇರುತ್ತವೆ ಅಲ್ವಾ? ಪ್ರಶಸ್ತಿಗೆ ಅರ್ಜಿ ಕರೆದಾಗ ಇವೇ ಮೇಲೆ ಬಂದು ಕೂರುತ್ತವೆ.

ಟಿ.ಎಸ್. ವೆಂಕಣ್ಣಯ್ಯನವರನ್ನು ಈ ಲೆಕ್ಕಕ್ಕೆ ಹಾಕಿ ನೋಡಿ. ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದವರು. ತಾವು ಬರೆದದ್ದಕ್ಕಿಂತ ಬೇರೆಯವರ ಕೈಲಿ ಬರೆಸಿದ್ದೇ ಜಾಸ್ತಿ. 1939ರಲ್ಲಿ ತೀರಿಕೊಂಡರು. ಅವರು ಹೋದ ಎಷ್ಟೋ ವರ್ಷದ ಮೇಲೆ ಅವರ ಶಿಷ್ಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಈ ಗುರುವಿಗೆ ಅರ್ಪಿಸಿದರು. ಅಂಥ ಶಿಷ್ಯನನ್ನು ತಯಾರು ಮಾಡಿದ್ದಕ್ಕೆ ಯಾವ ಟೇಬಲ್ಲಿನಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಸೇವೆಯ ವಿಷಯ ಇನ್ನೂ ಗೋಜಲು. ಅಧ್ಯಯನ ಮಂಡಳಿ ಸಭೆ, ಮೌಲ್ಯಮಾಪನ, ಎನ್‌ಎಸ್‌ಎಸ್ ಕ್ಯಾಂಪು, ಹಾಸ್ಟೆಲ್ ವಾರ್ಡನ್ ಕೆಲಸ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದಾಗ ರಾತ್ರಿಯೆಲ್ಲ ಕೂತು ಕಾಗದ ಜೋಡಿಸುವುದು, ಎಲ್ಲವೂ ಇದರಲ್ಲೇ ಬರುತ್ತದೆ. ಆದರೆ ನಮ್ಮಲ್ಲಿ ಈ ಮಾತಿಗೆ ಇನ್ನೂ ದೊಡ್ಡ ಅರ್ಥ ಇತ್ತು. ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು, ಅದು ಆಮೇಲೆ ಚಿಕ್ಕ ಪುಸ್ತಕವಾಗಿ ಅಚ್ಚಾಗುತ್ತಿತ್ತು. ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಬಂದವರು. ಬಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಜನಸಾಮಾನ್ಯರೂ ಬಂದು ಕೂತು ವಿಜ್ಞಾನದ ಉಪನ್ಯಾಸ ಕೇಳುವ ಜಾಗ ಅದು. ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿ ಆದರು. ಮದುವೆ ಆಗಲಿಲ್ಲ, ಬಾಳೆಲ್ಲ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಕಳೆದರು. 1984ರಲ್ಲಿ ಪದ್ಮಭೂಷಣ ಬಂತು. ಅದನ್ನು ಅವರ ಪೇಪರ್ ಎಣಿಸಿ ಕೊಟ್ಟದ್ದು ಅಂತ ನನಗಂತೂ ಅನ್ನಿಸುವುದಿಲ್ಲ.

ಈಗ ನಿಮ್ಮ ಮೇಡಂ ವಿಷಯಕ್ಕೆ ಬರೋಣ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಶುರುವಾಗಿದ್ದು 1958ರಲ್ಲಿ. ಆದರೆ ಅದು ಬಹಳ ಕಾಲ ಶಾಲೆ ಮೇಷ್ಟ್ರುಗಳಿಗೆ ಮಾತ್ರ ಇತ್ತು. ವಿಶ್ವವಿದ್ಯಾಲಯ, ಕಾಲೇಜು, ಪಾಲಿಟೆಕ್ನಿಕ್‌ನವರನ್ನು ಸೇರಿಸಿದ್ದು 2023ರಲ್ಲಿ. ಆ ವರ್ಷ ಪ್ರಶಸ್ತಿ ಪಡೆದ 75 ಜನರಲ್ಲಿ 13 ಜನ ಉನ್ನತ ಶಿಕ್ಷಣದವರು, ಮರುವರ್ಷ 16 ಜನ. 50,000 ರೂಪಾಯಿ, ಬೆಳ್ಳಿ ಪದಕ, ಪ್ರಮಾಣಪತ್ರ. ನಿಮಗೆ ಖುಷಿಯಾಗುವ ಸಂಗತಿ ಅಂದರೆ, ಇಲ್ಲಿ ಬೋಧನೆ ಎಷ್ಟು ಪರಿಣಾಮಕಾರಿ ಅನ್ನುವುದಕ್ಕೂ ಕ್ಯಾಂಪಸ್ಸಿನ ಹೊರಗೆ ಜನರ ನಡುವೆ ಮಾಡಿದ ಕೆಲಸಕ್ಕೂ ಸಂಶೋಧನೆಗಿಂತ ಹೆಚ್ಚು ತೂಕ ಇದೆ. ನಾಮನಿರ್ದೇಶನ ಆನ್‌ಲೈನ್‌ನಲ್ಲೇ ಮಾಡಬೇಕು.

ತೂಕ ಇದೆ ಸರಿ, ತೂಗುವುದಕ್ಕೆ ಫೈಲಿನಲ್ಲಿ ಏನಾದರೂ ಇರಬೇಕಲ್ಲ? ನಾವು ಎಡವಿದ್ದು ಅಲ್ಲೇ. ಕೆಲವು ವರ್ಷದ ಹಿಂದೆ ನಮ್ಮ ಫಿಸಿಕ್ಸ್ ಸರ್‌ಗೆ ಒಂದು ಪ್ರಶಸ್ತಿಗೆ ಅರ್ಜಿ ಹಾಕಿಸಲು ನಾವು ಮೂವರು ಹಳೇ ವಿದ್ಯಾರ್ಥಿಗಳು ಹೊರಟೆವು. ಸರ್‌ಗೆ ಇಷ್ಟ ಇರಲಿಲ್ಲ, ಒತ್ತಾಯ ಮಾಡಿ ಒಪ್ಪಿಸಿದ್ದು. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸುವ ಹೊತ್ತಿಗೆ ಫೈಲು ಇಟ್ಟಿಗೆ ಥರ ಆಗಿತ್ತು. ಪೇಪರುಗಳೇ ನೂರು ಪುಟ. ಪತ್ರಿಕೆ ಕಟಿಂಗು, ಶಾಲು ಹೊದಿಸಿದ ಫೋಟೋ ಮೂವತ್ತು ಪುಟ. ಪಾಠದ ಬಗ್ಗೆ? ಒಂದೇ ಹಾಳೆ. ಫೀಡ್‌ಬ್ಯಾಕಿನಲ್ಲಿ 5ಕ್ಕೆ 4.6.

ಹಳಬರಿಂದ ಪತ್ರ ತರಿಸೋಣ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆವು. ಹದಿನಾಲ್ಕು ಬಂದವು. ಹದಿಮೂರರಲ್ಲಿ ಅದೇ ರಾಗ: ‘ಆದರ್ಶ ಶಿಕ್ಷಕರು, ನಮ್ಮ ದಾರಿದೀಪ’. ಹೆಸರು ಬದಲಾಯಿಸಿದರೆ ಯಾವ ಮೇಷ್ಟ್ರಿಗಾದರೂ ನಡೆಯುತ್ತದೆ. ಒಂದು ಪತ್ರ ಮಾತ್ರ ಬೇರೆ ಇತ್ತು. ಈಗ ಹೈಸ್ಕೂಲ್ ಮೇಷ್ಟ್ರಾಗಿರುವ ನಮ್ಮ ಜೂನಿಯರ್ ಒಬ್ಬ ಬರೆದದ್ದು. ಮೊದಲನೇ ಇಂಟರ್ನಲ್ಸಿನಲ್ಲಿ ಅವನಿಗೆ 25ಕ್ಕೆ 6 ಬಂದಿತ್ತಂತೆ. ಸರ್ ಪೇಪರ್ ವಾಪಸ್ ಕೊಡುವಾಗ ಪಕ್ಕಕ್ಕೆ ಕರೆದು, ‘ಇದೇ ಉತ್ತರ ಕನ್ನಡದಲ್ಲಿ ಹೇಳಯ್ಯ’ ಅಂದರು. ಹೇಳಿದ. ‘ನಿಂಗೆ ಫಿಸಿಕ್ಸ್ ಬರುತ್ತೆ, ಇಂಗ್ಲಿಷ್ ಬರಲ್ಲ ಅಷ್ಟೇ’ ಅಂದರಂತೆ. ಆಮೇಲೆ ಆ ಸೆಮಿಸ್ಟರ್ ಪೂರ್ತಿ, ಪ್ರತಿ ಶನಿವಾರ ಮಧ್ಯಾಹ್ನ, ಅವನಂಥ ನಾಲ್ಕು ಜನರನ್ನು ಲ್ಯಾಬಿನಲ್ಲಿ ಕೂರಿಸಿ ಒಂದೊಂದು ಪುಟ ಬರೆಸಿ ಕೆಂಪು ಪೆನ್ನಲ್ಲಿ ತಿದ್ದಿಕೊಟ್ಟರು. ಕೊನೆಯಲ್ಲಿ ಬಂದದ್ದು 19. ಆ ಕೆಂಪು ಗೀಟಿನ ಎರಡು ಹಾಳೆಯ ಫೋಟೋನೂ ಕಳಿಸಿದ್ದ. ನೂರು ಪುಟದ ಪೇಪರುಗಳಲ್ಲಿ ಇಲ್ಲದ ಸಾಕ್ಷಿ ಅದು.

ಪ್ರಶಸ್ತಿ ಬಂತಾ ಅಂದರೆ ಇಲ್ಲ. ಕೊನೇ ದಿನ ಸಂಜೆ ಓಡಿಹೋಗಿ ಅರ್ಜಿ ಕೊಟ್ಟೆವು, ಒಂದು ಪುಟದಲ್ಲಿ ಸಹಿ ಹಾಕಿಸುವುದೇ ಬಿಟ್ಟುಹೋಗಿತ್ತು. ತಪ್ಪು ನಮ್ಮದೇ. ಸರ್ ಮಾತ್ರ ‘ಸದ್ಯ, ಒಂದು ಭಾಷಣ ತಪ್ಪಿತು’ ಅಂತ ನಕ್ಕರು.

ಹಾಗಾಗಿ ಅರ್ಜಿ ಕರೆಯುವ ತನಕ ಕಾಯಬೇಡಿ, ಈಗಲೇ ಬರೆದಿಡಿ. ಯಾವ ಪಾಠ, ಯಾವ ಸೆಮಿಸ್ಟರ್, ನಿಮಗೆ ಏನು ಅರ್ಥವಾಗುತ್ತಿರಲಿಲ್ಲ, ಮೇಡಂ ಏನು ಮಾಡಿದರು, ಆಮೇಲೆ ಏನಾಯಿತು. ಅವರು ತಿದ್ದಿಕೊಟ್ಟ ಅಸೈನ್‌ಮೆಂಟು ಇದ್ದರೆ ಎಸೆಯಬೇಡಿ. ‘ದಾರಿದೀಪ’ ಪದ ದಯವಿಟ್ಟು ಬೇಡ. ಆಮೇಲೆ ಪ್ರಾಂಶುಪಾಲರನ್ನೋ ವಿಭಾಗದ ಮುಖ್ಯಸ್ಥರನ್ನೋ ಹೋಗಿ ಕೇಳಿ. ಎಷ್ಟೋ ಕಡೆ ಸಂಸ್ಥೆಯವರು ಹೆಸರು ಕಳಿಸದೇ ಇರುವುದಕ್ಕೆ ಕಾರಣ ದ್ವೇಷವೇನಲ್ಲ, ಅರ್ಜಿ ತುಂಬುವವರು ಯಾರು ಅನ್ನುವ ಸೋಮಾರಿತನ. ತುಂಬಿಕೊಡುತ್ತೇವೆ ಅಂದರೆ ಒಪ್ಪಿಕೊಳ್ಳಲೂಬಹುದು.

ಇನ್ನು ನಾನು ನಿಮ್ಮನ್ನು ಒಂದು ಕೇಳಬೇಕು. ನಿಮ್ಮ ಮೇಡಂ ಖಾಯಂ ತಾನೇ? ಯಾಕೆಂದರೆ ಈ ರಾಷ್ಟ್ರೀಯ ಪ್ರಶಸ್ತಿಗೆ ಖಾಯಂ ಅಧ್ಯಾಪಕರೇ ಆಗಿರಬೇಕು, ವಯಸ್ಸಿನ ಮಿತಿಯೂ ಇದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ, ಎಷ್ಟೋ ಕಡೆ ಕಾಲೇಜು ನಡೆಯುತ್ತಿರುವುದೇ ಅವರಿಂದ. ನಿಮ್ಮ ಮೇಡಂ ಅವರಲ್ಲಿ ಒಬ್ಬರಾಗಿದ್ದರೆ ಈ ಅರ್ಜಿ ಅವರಿಗಲ್ಲ. ಆಗಲೂ ಪತ್ರ ಬರೆಯಿರಿ. ಒಂದು ಕಾಪಿ ಪ್ರಾಂಶುಪಾಲರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಇನ್ನೊಂದನ್ನು ನೇರ ಮೇಡಂ ಕೈಗೇ ಕೊಡಿ.