ಮೀಟರ್ ಇದೆ, ಸ್ಟ್ರಿಪ್ ಇಲ್ಲ

ಟೈಪ್ 1 ಮಧುಮೇಹವಿರುವ, ಅಂದರೆ ದಿನವೂ ಇನ್ಸುಲಿನ್ ಚುಚ್ಚಲೇಬೇಕಾದ ಮಗುವಿನ ಶುಗರ್ ಡೈರಿಯಲ್ಲಿ ಮೂರು ತಿಂಗಳ ಅಂಕಿಗಳೆಲ್ಲ ಒಂದೇ ಪೆನ್ನಿನಲ್ಲಿದ್ದು, 120, 140, 150 ಎಂದು ಸೊನ್ನೆಯಲ್ಲೇ ಮುಗಿದಿದ್ದರೆ, ಹಿಂದಿನ ರಾತ್ರಿ ಕೂತು ಬರೆದದ್ದು ಎಂದು ವೈದ್ಯರಿಗೆ ತಿಳಿದುಬಿಡುತ್ತದೆ. ಬೈಯುವ ಮೊದಲು ಮನೆಯಲ್ಲಿ ಸ್ಟ್ರಿಪ್ (ಬೆರಳಿನ ರಕ್ತದ ಹನಿ ತಾಗಿಸಿ ಮೀಟರಿನಲ್ಲಿ ಶುಗರ್ ನೋಡುವ ಪಟ್ಟಿ) ಇದೆಯೇ ಎಂದು ಕೇಳಬೇಕು.

1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ್ದು 14ರ ಹುಡುಗನಿಗೆ. ಎಷ್ಟು ಚುಚ್ಚಬೇಕೆಂದು ಮನೆಯಲ್ಲಿ ಅಳೆಯಲು ಮಾತ್ರ ದಶಕಗಳ ಕಾಲ ಮೂತ್ರವೇ ಗತಿ. 5 ಮಿ.ಲೀ. ಬೆನೆಡಿಕ್ಟ್ ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ ಕುದಿಸುವುದು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆ ಕೆಂಪಾದರೆ ವಿಪರೀತ. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 (ಡೆಸಿಲೀಟರಿಗೆ ಮಿ.ಗ್ರಾಂ) ದಾಟದೆ ಮೂತ್ರಕ್ಕೆ ಸಕ್ಕರೆ ಬಾರದು. 150 ಇದ್ದರೂ ನೀಲಿ, ಅಪಾಯದ 50ಕ್ಕೆ ಕುಸಿದರೂ ಅದೇ ನೀಲಿ.

1970ರ ಸುಮಾರಿಗೆ ಅಮೆರಿಕದಲ್ಲಿ ಬಂದ, ರಕ್ತದ ಸಕ್ಕರೆ ಅಳೆಯುವ ಮೀಟರ್ ಕಿಲೋಗೂ ಹೆಚ್ಚು ತೂಗುತ್ತಿತ್ತು, ವೈದ್ಯರಿಗಷ್ಟೇ ಮಾರುತ್ತಿದ್ದರು. ಸ್ವತಃ ಮಧುಮೇಹಿಯಾಗಿದ್ದ ಎಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್ ಅದನ್ನು ವೈದ್ಯೆಯಾಗಿದ್ದ ಹೆಂಡತಿಯ ಮೂಲಕ ತರಿಸಿಕೊಂಡರು. ಎಲ್ಲರಿಗೂ ಅಂಥ ಹೆಂಡತಿ ಇರುವುದಿಲ್ಲವಲ್ಲ!

1993ರಲ್ಲಿ ಅಮೆರಿಕ-ಕೆನಡಾದ ಅಧ್ಯಯನವೊಂದು ಪದೇ ಪದೇ ಶುಗರ್ ನೋಡಿಕೊಂಡರೆ ಲಾಭವಿದೆಯೇ ಎಂಬ ವಾದ ಮುಗಿಸಿತು. ದಿನಕ್ಕೆ ನಾಲ್ಕು ಬಾರಿಯಾದರೂ ನೋಡಿಕೊಂಡು ಡೋಸ್ ಬದಲಿಸುತ್ತಿದ್ದ ಗುಂಪಿನಲ್ಲಿ, ಆವರೆಗೆ ಕಣ್ಣು ಚೆನ್ನಾಗಿದ್ದವರಿಗೆ ಅಕ್ಷಿಪಟಲ ಹಾಳಾಗುವ ಅಪಾಯ 76% ತಗ್ಗಿತ್ತು.

ಆ ನಾಲ್ಕನ್ನು ನಮ್ಮಲ್ಲಿ ಲೆಕ್ಕ ಹಾಕಿ. ಮೀಟರ್ ಅಗ್ಗ, ಕೆಲವೊಮ್ಮೆ ಪುಕ್ಕಟೆ. ಸ್ಟ್ರಿಪ್ ಒಂದಕ್ಕೆ 15–20 ರೂಪಾಯಿ ಎಂದರೂ ತಿಂಗಳಿಗೆ 120 ಸ್ಟ್ರಿಪ್, 1,800ರಿಂದ 2,400 ರೂಪಾಯಿ. ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಪುಕ್ಕಟೆ ಸಿಕ್ಕರೂ ಕೂಲಿ ಮನೆಗೆ ಇದು ಎಟುಕದು. ಮೊದಲು ಬಿಡುವುದು ರಾತ್ರಿ ಮೂರರ ಪರೀಕ್ಷೆ. ನಿದ್ದೆಯಲ್ಲಿ ಶುಗರ್ ಕುಸಿದರೆ ಸ್ಟ್ರಿಪ್ಪಿನ ಪರೀಕ್ಷೆಗಳಲ್ಲಿ ಹಿಡಿಯುವುದು ಅದೊಂದೇ.

ಇದ್ದ ಸ್ಟ್ರಿಪ್ಪೂ ವ್ಯರ್ಥವಾಗುತ್ತದೆ. ಮಾವು ತಿಂದ ಬೆರಳನ್ನು ತೊಳೆಯದೆ ಚುಚ್ಚಿದರೆ ಸುಳ್ಳು ಏರಿಕೆ. ಅದನ್ನು ನಂಬಿ ಹೆಚ್ಚು ಇನ್ಸುಲಿನ್ ಕೊಟ್ಟರೆ ನಿಜವಾದ ಕುಸಿತ. ರಕ್ತ ಸಾಲದಿದ್ದರೆ ‘ಎರರ್’, ಸ್ಟ್ರಿಪ್ ಹೋಯಿತು. ಕರಾವಳಿಯ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ತೇವಕ್ಕೆ ಉಳಿದವೂ ಕೆಡುತ್ತವೆ.

ತೋಳಿಗೆ ಅಂಟಿಸಿ ದಿನವಿಡೀ ಶುಗರ್ ನೋಡುವ ಸೆನ್ಸರ್ ಬಂದ ಮೇಲೆ ಉಳ್ಳವರಿಗೂ ಇಲ್ಲದವರಿಗೂ ಅಂತರ ಇನ್ನೂ ಹಿಗ್ಗಿದೆ. ಎರಡು ವಾರದ ಒಂದು ಸೆನ್ಸರಿಗೇ ಸಾವಿರಗಳಲ್ಲಿ ಬೆಲೆ.

ದಿನಕ್ಕೆ ಎರಡೇ ಸ್ಟ್ರಿಪ್ ಇದ್ದರೆ ಹೊತ್ತು ಬದಲಿಸುತ್ತಿರಿ: ಒಂದು ದಿನ ಬೆಳಗಿನ ಖಾಲಿ ಹೊಟ್ಟೆ ಮತ್ತು ಮಧ್ಯಾಹ್ನದ ಊಟಕ್ಕೆ ಮುಂಚೆ, ಮರುದಿನ ರಾತ್ರಿ ಊಟಕ್ಕೆ ಮುಂಚೆ ಮತ್ತು ಮಲಗುವಾಗ. ಶುಗರ್ ಕುಸಿದ ಲಕ್ಷಣವಾದ ನಡುಕ, ಬೆವರು ಬಂದು ಕೈಯಲ್ಲಿ ಸ್ಟ್ರಿಪ್ ಇಲ್ಲದಿದ್ದರೆ ಕಾಯಬೇಡಿ. ಮಗುವಿಗೆ ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ.