ಜೆಸ್ಸಿ ಮ್ಯಾಥ್ಯೂಸ್ ಹಾಲಿವುಡ್ಡಿಗೆ ಏಕೆ ಹೋಗಲಿಲ್ಲ?

ಪ್ರಶ್ನೆ: 1930ರ ದಶಕದ ಬ್ರಿಟಿಷ್ ಸಂಗೀತ ಚಿತ್ರಗಳ ಬಗ್ಗೆ ಓದುವಾಗಲೆಲ್ಲ ಜೆಸ್ಸಿ ಮ್ಯಾಥ್ಯೂಸ್ ಎಂಬ ನಟಿಯ ಹೆಸರು ಎದುರಾಗುತ್ತದೆ. ಅಷ್ಟು ದೊಡ್ಡ ನರ್ತಕಿ ಹಾಲಿವುಡ್ಡಿಗೆ ಏಕೆ ಹೋಗಲಿಲ್ಲ? ಅಮೆರಿಕದ ಪ್ರಸಿದ್ಧ ನರ್ತಕ-ನಟ ಫ್ರೆಡ್ ಆಸ್ಟೇರ್ ಜೊತೆ ಒಂದು ಚಿತ್ರದಲ್ಲಾದರೂ ಏಕೆ ಕುಣಿಯಲಿಲ್ಲ?

ಉತ್ತರ: ಹಾಲಿವುಡ್ ಅವರನ್ನು ಬೇಡವೆನ್ನಲಿಲ್ಲ, ಅವರೂ ಹಾಲಿವುಡ್ಡನ್ನು ತಿರಸ್ಕರಿಸಲಿಲ್ಲ. ಬೇಡಿಕೆ ಇದ್ದ ಕಾಲದಲ್ಲಿ ಲಂಡನ್ನಿನ ಗೋಮಾಂಟ್-ಬ್ರಿಟಿಷ್ ಸಂಸ್ಥೆಯ ಕರಾರು ಅವರನ್ನು ಕಟ್ಟಿಹಾಕಿತ್ತು; ಅದರ ಬೆನ್ನಿಗೇ ಅನಾರೋಗ್ಯ ಬಂತು, ಆ ಸಂಸ್ಥೆಯೇ ಕುಸಿಯಿತು, ಕೊನೆಗೆ ಯುದ್ಧ ಶುರುವಾಯಿತು. ಆದರೆ ಈ ಪ್ರಶ್ನೆಯನ್ನು ಕೇಳುವವರಲ್ಲಿ ಬಹಳ ಮಂದಿ ಹಾಲಿವುಡ್ಡಿಗೆ ಹೋಗದಿರುವುದನ್ನೇ ಅವರ ಬದುಕಿನ ದೊಡ್ಡ ನಷ್ಟವೆಂದು ಭಾವಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಾವು ಇಂದು ಮೆಚ್ಚುವ ಜೆಸ್ಸಿ ಮ್ಯಾಥ್ಯೂಸ್ ರೂಪುಗೊಂಡದ್ದೇ ಲಂಡನ್ನಿನ ರಂಗಭೂಮಿಯಲ್ಲಿ ಮತ್ತು ಅಲ್ಲಿನ ಒಂದು ಸ್ಟುಡಿಯೋದಲ್ಲಿ ಕೂಡಿದ್ದ ಕೆಲವೇ ಪ್ರತಿಭಾವಂತರ ನಡುವೆ.

ಅವರು ಹುಟ್ಟಿದ್ದು 1907ರ ಮಾರ್ಚ್ 11ರಂದು, ಲಂಡನ್ನಿನ ಸೋಹೋ ಭಾಗದ ಬರ್ವಿಕ್ ಸ್ಟ್ರೀಟಿನಲ್ಲಿ. ತಂದೆ ಅಲ್ಲಿನ ಸಂತೆಯಲ್ಲಿ ಹಣ್ಣು ತರಕಾರಿ ಮಾರುತ್ತಿದ್ದರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸು ಕಡಿಮೆ. ತಂಗಿಯ ಕಾಲಿನಲ್ಲಿರುವ ಶಕ್ತಿಯನ್ನು ಮೊದಲು ಗುರುತಿಸಿದವರು ಅಕ್ಕ ರೋಸಿ. ಬ್ಯಾಲೆ ಕಲಿಯಲು ಹಚ್ಚಿ, ಬಿಡದೆ ಅಭ್ಯಾಸ ಮಾಡಿಸಿದವರೂ ಅವರೇ. ಸಂತೆಬೀದಿಯ ಮಾತಿನ ಧಾಟಿಯನ್ನು ಅಳಿಸಿ ಮೇಲ್ವರ್ಗದ ಉಚ್ಚಾರಣೆಯನ್ನು ರೂಢಿಸಿಕೊಳ್ಳುವ ಪಾಠವೂ ನಡೆಯಿತು. ಮುಂದೆ ಅವರ ಚಿತ್ರಗಳಲ್ಲಿ ಕೇಳುವ, ಕೊಂಚ ಅತಿಯೆನ್ನಿಸುವಷ್ಟು ತಿದ್ದಿದ ಆ ಇಂಗ್ಲಿಷ್ ಹುಟ್ಟಿನಿಂದ ಬಂದದ್ದಲ್ಲ, ದುಡಿದು ಸಂಪಾದಿಸಿದ್ದು.

1919ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಮಕ್ಕಳ ನಾಟಕವೊಂದರ ನರ್ತಕಿಯಾಗಿ ರಂಗವೇರಿದರು. 1923ರ ಮೂಕಿ ಚಿತ್ರವೊಂದರಲ್ಲಿ ಸಣ್ಣ ಪಾತ್ರ ಸಿಕ್ಕಿತು, ಆದರೆ ಸಿನಿಮಾ ಆಗ ಅವರನ್ನು ಹಿಡಿದಿಟ್ಟುಕೊಳ್ಳಲಿಲ್ಲ. ರಂಗ ನಿರ್ಮಾಪಕ ಆಂದ್ರೆ ಶಾರ್ಲೋ ಅವರ ತಂಡದೊಂದಿಗೆ ಗುಂಪು ನರ್ತಕಿಯಾಗಿ ಅಮೆರಿಕಕ್ಕೆ ಹೋದರು. ತಂಡದ ತಾರೆ ಗರ್ಟ್ರೂಡ್ ಲಾರೆನ್ಸ್ ಟೊರಾಂಟೋದಲ್ಲಿ ಕಾಯಿಲೆ ಬಿದ್ದಾಗ ಅವರ ಪಾತ್ರಗಳನ್ನು ನಿರ್ವಹಿಸಿ ಗಮನ ಸೆಳೆದರು. ಲಂಡನ್ನಿಗೆ ಮರಳಿದ ಮೇಲೆ ನಿರ್ಮಾಪಕ ಸಿ. ಬಿ. ಕಾಕ್ರನ್ ಅವರ ಪ್ರದರ್ಶನಗಳಲ್ಲಿ ಒಂದಾದ ಮೇಲೊಂದು ಗೆಲುವು ಬಂತು. 1927ರಿಂದ 1930ರ ನಡುವೆ ರಿಚರ್ಡ್ ರಾಜರ್ಸ್ ಮತ್ತು ಲೊರೆನ್ಜ್ ಹಾರ್ಟ್, ನೋಯಲ್ ಕವರ್ಡ್, ಕೋಲ್ ಪೋರ್ಟರ್ ಇವರೆಲ್ಲರ ಹಾಡುಗಳು ಲಂಡನ್ನಿನ ಪ್ರೇಕ್ಷಕರಿಗೆ ಮೊದಲು ಕೇಳಿಸಿದ್ದು ಅವರ ದನಿಯಲ್ಲಿ. ಮೂರೇ ವರ್ಷಗಳಲ್ಲಿ ಇಂಥ ಹಾಡುಗಾರಿಕೆಯ ಅವಕಾಶ ಪಡೆದ ಮತ್ತೊಬ್ಬ ಇಂಗ್ಲಿಷ್ ನಟಿ ನನಗೆ ನೆನಪಾಗುವುದಿಲ್ಲ.

1930ರಲ್ಲಿ ಅಡೆಲ್ಫಿ ರಂಗಮಂದಿರದಲ್ಲಿ ತೆರೆಕಂಡ ‘ಎವರ್ ಗ್ರೀನ್’ ಎಲ್ಲಕ್ಕಿಂತ ಮುಖ್ಯವಾದುದು. ಅದರ ನೃತ್ಯ ಸಂಯೋಜನೆಗೆಂದು ಕಾಕ್ರನ್ ಅಮೆರಿಕದಿಂದ ಕರೆಸಿಕೊಂಡ ಬಡ್ಡಿ ಬ್ರ್ಯಾಡ್ಲಿ ಒಬ್ಬ ಕಪ್ಪು ವರ್ಣದ ಕಲಾವಿದರು. ನ್ಯೂಯಾರ್ಕಿನಲ್ಲಿ ಬಿಳಿಯ ತಾರೆಯರಿಗೆ ಕುಣಿತ ಕಲಿಸುತ್ತಿದ್ದರೂ ಕಾರ್ಯಕ್ರಮ ಪತ್ರಿಕೆಯಲ್ಲಿ ಅವರ ಹೆಸರು ಬರುತ್ತಿರಲಿಲ್ಲ. ಲಂಡನ್ನಿನಲ್ಲಿ ಬಂತು, ಅಲ್ಲಿಯೇ ನೆಲೆಸಿ ಅವರು ನೃತ್ಯಶಾಲೆಯನ್ನೂ ತೆರೆದರು. ಜೆಸ್ಸಿ ಅವರ ಬ್ಯಾಲೆ ಕಲಿಕೆಯ ಮೇಲೆ ಬ್ರ್ಯಾಡ್ಲಿ ಜಾಜ್‌ನ ಲಯವನ್ನು ಕೂರಿಸಿದರು. ತಲೆಯೆತ್ತರ ದಾಟಿ ಹೋಗುವ ಕಾಲು, ಗಾಳಿಯಲ್ಲಿ ಸುಳಿಯುವ ಉದ್ದನೆಯ ನಿಲುವಂಗಿ, ಸೊಂಟದಿಂದ ಮೇಲೆ ಬ್ಯಾಲೆಯ ನಯ, ಪಾದದಲ್ಲಿ ತಾಳ ತಪ್ಪಿಸಿ ಹಿಡಿಯುವ ಜಾಜ್‌ನ ಚುರುಕು: ಈ ಬೆರಕೆ ಆ ಕಾಲದ ಅಮೆರಿಕದ ಚಿತ್ರಗಳಲ್ಲಿ ಟ್ಯಾಪ್ ಕುಣಿಯುತ್ತಿದ್ದ ಯಾವ ನಟಿಯಲ್ಲೂ ಕಾಣುವುದಿಲ್ಲ.

1934ರಲ್ಲಿ ವಿಕ್ಟರ್ ಸೆವಿಲ್ ನಿರ್ದೇಶನದಲ್ಲಿ ಇದೇ ನಾಟಕ ‘ಎವರ್‌ಗ್ರೀನ್’ ಎಂಬ ಚಿತ್ರವಾಯಿತು. ಹಳೆಯ ಕಾಲದ ರಂಗತಾರೆಯೊಬ್ಬಳ ಮಗಳು, ತಾಯಿಯೇ ಮುಪ್ಪಿಲ್ಲದೆ ಮರಳಿ ಬಂದಿದ್ದಾಳೆಂದು ಲಂಡನ್ನನ್ನು ನಂಬಿಸುವ ಕಥೆ ಅದು. ಮನೆಯೊಳಗೆ ಒಬ್ಬಳೇ ಇರುವಾಗ ಅವಳು ಕುಣಿಯುವ ದೃಶ್ಯವನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಜರ್ಮನಿಯಿಂದ ಬಂದಿದ್ದ ಕಲಾ ನಿರ್ದೇಶಕ ಆಲ್ಫ್ರೆಡ್ ಯೂಂಗೆ ಕಟ್ಟಿದ ವಿಶಾಲವಾದ ಸೆಟ್ಟಿನಲ್ಲಿ, ಅಮೆರಿಕದ ಛಾಯಾಗ್ರಾಹಕ ಗ್ಲೆನ್ ಮ್ಯಾಕ್‌ವಿಲಿಯಮ್ಸ್ ಅವರ ಕ್ಯಾಮೆರಾ ಅವಳ ಹೆಜ್ಜೆಯೊಂದಿಗೇ ಸಾಗುತ್ತದೆ. ಜೊತೆಗಾರನಿಲ್ಲ ಎಂಬ ಕೊರತೆ ಆ ಹೊತ್ತಿನಲ್ಲಿ ಒಂದಿಷ್ಟೂ ತೋರುವುದಿಲ್ಲ.

ಆಸ್ಟೇರ್ ಅವರ ವಿಚಾರ ಸೇರಿಕೊಳ್ಳುವುದು ಈ ಚಿತ್ರದಲ್ಲೇ. 1933ರ ಕೊನೆಯಲ್ಲಿ ಅವರು ರಂಗಪ್ರದರ್ಶನಕ್ಕಾಗಿ ಲಂಡನ್ನಿನಲ್ಲಿಯೇ ಇದ್ದರು, ‘ಎವರ್‌ಗ್ರೀನ್’ ನಾಯಕನ ಪಾತ್ರಕ್ಕೆ ಅವರನ್ನು ಕೇಳಲಾಯಿತು. ಆದರೆ ಅವರು ಆಗಲೇ ಹಾಲಿವುಡ್ಡಿನ ಆರ್‌ಕೆಒ ಸಂಸ್ಥೆಗೆ ಒಪ್ಪಂದ ಮಾಡಿಕೊಂಡಿದ್ದರು. ತನ್ನ ಹೊಸ ತಾರೆಯನ್ನು ಬೇರೊಬ್ಬರಿಗೆ ಬಿಟ್ಟುಕೊಡಲು ಆ ಸಂಸ್ಥೆ ಸಿದ್ಧವಿರಲಿಲ್ಲ. 1937ರಲ್ಲಿ ತಮ್ಮ ಎಂದಿನ ನೃತ್ಯಜೋಡಿ ಜಿಂಜರ್ ರಾಜರ್ಸ್ ಇಲ್ಲದೆ ಆಸ್ಟೇರ್ ಮಾಡಿದ, ಇಂಗ್ಲೆಂಡಿನಲ್ಲಿ ನಡೆಯುವ ಕಥೆಯ ‘ಎ ಡ್ಯಾಮ್ಸೆಲ್ ಇನ್ ಡಿಸ್ಟ್ರೆಸ್’ ಚಿತ್ರದ ನಾಯಕಿಗಾಗಿ ಜೆಸ್ಸಿ ಅವರ ಹೆಸರು ಕೇಳಿಬಂದಿತ್ತು. ಅದೂ ಕೈಗೂಡಲಿಲ್ಲ, ನರ್ತಕಿಯಲ್ಲದ ಜೋನ್ ಫಾಂಟೇನ್ ಆ ಪಾತ್ರ ವಹಿಸಿದರು. ಎರಡು ಸ್ಟುಡಿಯೋಗಳು ತಮ್ಮ ತಮ್ಮ ತಾರೆಯರನ್ನು ಆಸ್ತಿಯಂತೆ ಕಾಯುತ್ತಿದ್ದ ವ್ಯವಸ್ಥೆಯಲ್ಲಿ ಕಲಾವಿದರ ಆಸೆಗೆ ಜಾಗ ಬಹಳ ಕಡಿಮೆ ಇತ್ತು. ಗೋಮಾಂಟ್-ಬ್ರಿಟಿಷ್‌ಗೆ ಅಮೆರಿಕದ ಮಾರುಕಟ್ಟೆ ಬೇಕಿತ್ತು, ಆದರೆ ಅದಕ್ಕಾಗಿ ಜೆಸ್ಸಿಯನ್ನು ಅಲ್ಲಿಗೆ ಕಳುಹಿಸುವ ಬದಲು ಅಲ್ಲಿನ ನಟರನ್ನೇ ಲಂಡನ್ನಿಗೆ ಕರೆಸಿತು. 1936ರ ‘ಇಟ್ಸ್ ಲವ್ ಅಗೇನ್’ ಚಿತ್ರಕ್ಕೆ ರಾಬರ್ಟ್ ಯಂಗ್ ಬಂದದ್ದು ಹೀಗೆ.

ಈ ಹೊರಗಿನ ಕಾರಣಗಳ ಜೊತೆಗೆ ಅವರ ಸ್ವಂತ ಬದುಕಿನ ಭಾರವನ್ನೂ ಹೇಳಲೇಬೇಕು. ಸಹನಟ ಸನ್ನಿ ಹೇಲ್ ಅವರೊಂದಿಗೆ ಪ್ರೇಮವಾದಾಗ ಹೇಲ್ ಅವರಿಗೆ ಮತ್ತೊಬ್ಬ ಜನಪ್ರಿಯ ನಟಿ ಎವೆಲಿನ್ ಲೇ ಅವರೊಂದಿಗೆ ಮದುವೆಯಾಗಿತ್ತು. 1930ರ ವಿಚ್ಛೇದನದ ಮೊಕದ್ದಮೆಯಲ್ಲಿ ಜೆಸ್ಸಿ ಬರೆದ ಖಾಸಗಿ ಪತ್ರಗಳನ್ನು ತೆರೆದ ನ್ಯಾಯಾಲಯದಲ್ಲಿ ಓದಲಾಯಿತು, ನ್ಯಾಯಾಧೀಶರು ಅವರನ್ನು ಕಟುವಾದ ಮಾತುಗಳಲ್ಲಿ ಖಂಡಿಸಿದರು, ಪತ್ರಿಕೆಗಳು ಎಲ್ಲವನ್ನೂ ಅಚ್ಚು ಹಾಕಿದವು. ಇಪ್ಪತ್ತಮೂರು ವರ್ಷದ ಹೆಣ್ಣಿನ ಮೇಲೆ ಹೊರಿಸಿದ ಆ ಅವಮಾನ ಅವಳೊಂದಿಗೆ ಪಾಲುದಾರನಾಗಿದ್ದ ಗಂಡಸಿನ ಮೇಲೆ ಅಷ್ಟು ಬೀಳಲಿಲ್ಲ ಎಂಬುದು ಇಂದಿಗೂ ನೋವಾಗುವ ಸಂಗತಿ. 1931ರಲ್ಲಿ ಇಬ್ಬರೂ ಮದುವೆಯಾದರು. ‘ಎವರ್‌ಗ್ರೀನ್’ ಬಂದ ವರ್ಷದ ಕೊನೆಯಲ್ಲಿ ಹುಟ್ಟಿದ ಮಗು ಕೆಲವೇ ಗಂಟೆಗಳಲ್ಲಿ ತೀರಿಕೊಂಡಿತು. ದಂಪತಿ ಹೆಣ್ಣುಮಗುವೊಂದನ್ನು ದತ್ತು ಪಡೆದರು, ಆದರೆ ಕೆಲಸದ ಒತ್ತಡ ಇಳಿಯಲೇ ಇಲ್ಲ. ಮಾನಸಿಕ ಕುಸಿತಗಳು ಮತ್ತೆ ಮತ್ತೆ ಚಿತ್ರೀಕರಣವನ್ನು ನಿಲ್ಲಿಸಿದವು.

ಅಷ್ಟರಲ್ಲಿ ಗೋಮಾಂಟ್-ಬ್ರಿಟಿಷ್ ಸಾಲದಲ್ಲಿ ಮುಳುಗುತ್ತಿತ್ತು. ನಿರ್ಮಾಣದ ಮುಖ್ಯಸ್ಥ ಮೈಕೆಲ್ ಬಾಲ್ಕನ್ 1936ರಲ್ಲಿ ಹೊರಬಿದ್ದರು, ಸೆವಿಲ್ ಕೂಡ ಹೋದರು, 1937ರಲ್ಲಿ ಶೆಪರ್ಡ್ಸ್ ಬುಷ್ ಸ್ಟುಡಿಯೋ ಬಾಗಿಲು ಮುಚ್ಚಿತು. ಮುಂದಿನ ಮೂರು ಸಂಗೀತ ಚಿತ್ರಗಳನ್ನು ನಿರ್ದೇಶಿಸಿದವರು ಪತಿ ಸನ್ನಿ ಹೇಲ್. ಅವರು ಒಳ್ಳೆಯ ಹಾಸ್ಯನಟರು; ಸೆವಿಲ್ ಅವರ ಕಣ್ಣು ಅವರಿಗಿರಲಿಲ್ಲ. ಕುಣಿತ ಅದೇ ಮಟ್ಟದಲ್ಲಿದ್ದರೂ ಅದರ ಸುತ್ತಲಿನ ಚಿತ್ರ ಸಪ್ಪೆಯಾಯಿತು. ಜೆಸ್ಸಿ ಅವರ ಇಳಿಗಾಲಕ್ಕೆ ಹಾಲಿವುಡ್ ತಪ್ಪಿದ್ದಕ್ಕಿಂತ ಈ ತಂಡ ಚದುರಿದ್ದೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಅವರು ಹಾಲಿವುಡ್ಡಿಗೆ ಹೋಗಲೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಯುದ್ಧಕಾಲದಲ್ಲಿ ಬ್ರಾಡ್‌ವೇ ನಾಟಕಕ್ಕೆಂದು ಅಮೆರಿಕಕ್ಕೆ ಹೋದಾಗ, ಅಲ್ಲಿದ್ದ ಬ್ರಿಟಿಷ್ ಕಲಾವಿದರು ಕೂಡಿ ನಟಿಸಿದ ‘ಫಾರೆವರ್ ಅಂಡ್ ಎ ಡೇ’ ಚಿತ್ರದಲ್ಲಿ ಚಿಕ್ಕ ಪಾತ್ರವೊಂದನ್ನು ಮಾಡಿದರು. ಅದನ್ನು ತಯಾರಿಸಿದ್ದು ಅದೇ ಆರ್‌ಕೆಒ ಸಂಸ್ಥೆ. ಆದರೆ ಅದರಲ್ಲಿ ಅವರಿಗೆ ಕುಣಿಯುವ ಕೆಲಸವಿರಲಿಲ್ಲ. ನಾಟಕದ ಗತಿ ಇನ್ನೂ ದುಃಖಕರವಾದುದು: ಪೂರ್ವಪ್ರದರ್ಶನದ ಹಂತದಲ್ಲೇ ಅವರ ಆರೋಗ್ಯ ಕುಸಿದು ಹಿಂದೆ ಸರಿದರು, 1942ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ ಆ ನಾಟಕ ಮೂರೇ ಪ್ರದರ್ಶನಗಳಿಗೆ ನಿಂತಿತು.

ಊರಿಗೆ ಮರಳಿದ ಮೇಲೂ ಅವರು ಕೆಲಸ ಬಿಡಲಿಲ್ಲ. 1944ರಲ್ಲಿ ‘ವಿಕ್ಟರಿ ವೆಡ್ಡಿಂಗ್’ ಎಂಬ ಕಿರುಚಿತ್ರವನ್ನು ತಾವೇ ನಿರ್ದೇಶಿಸಿದರು. 1958ರ ‘ಟಾಮ್ ಥಂಬ್’ ಚಿತ್ರದಲ್ಲಿ ತಾಯಿಯ ಪಾತ್ರ ವಹಿಸಿದರು. 1963ರಿಂದ 1969ರವರೆಗೆ ಬಿಬಿಸಿ ರೇಡಿಯೋದ ಧಾರಾವಾಹಿಯಲ್ಲಿ ವೈದ್ಯರ ಪತ್ನಿ ಮಿಸೆಸ್ ಡೇಲ್ ಆಗಿ ಮನೆಮನೆಯ ದನಿಯಾದರು. ಅವರು ಕುಣಿಯುವುದನ್ನು ಎಂದೂ ನೋಡಿರದ ಒಂದು ತಲೆಮಾರು ಅವರನ್ನು ಬಲ್ಲದ್ದು ಆ ಪಾತ್ರದಿಂದಲೇ. 1970ರಲ್ಲಿ ಒಬಿಇ ಎಂಬ ಬ್ರಿಟಿಷ್ ಗೌರವ ಸಂದಿತು. 1981ರ ಆಗಸ್ಟ್ 19ರಂದು ತೀರಿಕೊಂಡರು.

ಅವರ ಚಿತ್ರಗಳನ್ನು ಹೊಸದಾಗಿ ನೋಡಬಯಸುವವರು ‘ಎವರ್‌ಗ್ರೀನ್’ ಚಿತ್ರದಿಂದ ಆರಂಭಿಸಿ, ಆಮೇಲೆ 1935ರ ‘ಫಸ್ಟ್ ಎ ಗರ್ಲ್’ ನೋಡುವುದು ಒಳ್ಳೆಯದು. ಜರ್ಮನ್ ಚಿತ್ರವೊಂದನ್ನು ಆಧರಿಸಿದ ಇದರಲ್ಲಿ ಅವರದು, ಹೆಣ್ಣುವೇಷದ ಗಂಡು ಕಲಾವಿದನೆಂದು ಜಗತ್ತನ್ನು ನಂಬಿಸುವ ಹೆಣ್ಣಿನ ಪಾತ್ರ. ಅಲ್ಲಿಯೂ ನಿರ್ದೇಶಕ ಸೆವಿಲ್, ಛಾಯಾಗ್ರಾಹಕ ಮ್ಯಾಕ್‌ವಿಲಿಯಮ್ಸ್.